ಕರಿ ಕಿಟಕಿಯ ಕಿತಾಪತಿ

ಹಗಲು ಮಲಗುವ ಮನುಷ್ಯನಿಗೆ ಈ ಲೋಕದಲ್ಲಿ ಮರ್ಯಾದೆ ಇಲ್ಲ. ರಾತ್ರಿ ಮಲಗಿದವನು ಸೂರು ಹಾರುವಂತೆ ಗೊರಕೆ ಹೊಡೆದರೂ ‘ಪಾಪ, ದಣದು ಬಂದಾನ’ ಎಂದು ಜನ ದೀಪ ಆರಿಸುತ್ತಾರೆ. ಅದೇ ನಾನು, ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿ ಮುಗಿಸಿ, ಮೂಗಿನ ಹೊಳ್ಳೆಯಲ್ಲಿ ಅರ್ಧ ಕಾರ್ಖಾನೆಯನ್ನು ಹೊತ್ತು ತಂದು, ಬೆಳಿಗ್ಗೆ ಕೌದಿ ಹೊದ್ದು ಮಲಗಿದೆನೋ ಇಲ್ಲವೋ, ಓಣಿಗೆ ಓಣಿಯೇ ನನ್ನ ಕಿವಿಯೊಳಗೆ ಸಂಸಾರ ಹೂಡುತ್ತದೆ. ಕಾಯಿಪಲ್ಯದ ಗಾಡಿಯವನು ಮೈಕಿನಲ್ಲಿ ಬದನೆಕಾಯಿಯ ಗುಣಗಾನ ಮಾಡುವುದು ನಮ್ಮ ಬಾಗಿಲ ಮುಂದೆಯೇ. ನಳದಲ್ಲಿ ನೀರು ಬರುವುದು ಆಗಲೇ. ಊರ ಸುದ್ದಿಯನ್ನೆಲ್ಲ ಎಲೆಅಡಿಕೆಯ ಜೊತೆ ತಂದು ನಮ್ಮವ್ವ ದುರಗಮ್ಮನಿಗೆ ಒಪ್ಪಿಸಲು ಪಕ್ಕದ ಮನೆಯ ಹನುಮಂತಮ್ಮ ಬರುವುದೂ ಆಗಲೇ. ನನ್ನ ಹೆಂಡತಿ ಲಲಿತಾ ಒಬ್ಬಳು ಹೊಲಿಗೆ ಮಷೀನು ಮುಚ್ಚಿಟ್ಟು, ಬಂದವರಿಗೆಲ್ಲ ‘ಸಾವಕಾಶ ಮಾತಾಡ್ರೀ, ಅವರು ಮಲಗ್ಯಾರ’ ಎಂದು ಹೇಳುತ್ತಿದ್ದಳು. ಹಾಗೆ ಹೇಳುವ ಅವಳ ದನಿಗೇ ನನಗೆ ಎಚ್ಚರವಾಗುತ್ತಿತ್ತು.

ಎದ್ದವನೇ ಬೈಯುತ್ತಿದ್ದೆ. ಮೊದಲು ಗಾಡಿಯವನಿಗೆ, ಆಮೇಲೆ ನಳಕ್ಕೆ, ಕಡೆಗೆ ಲಲಿತಾಗೆ. (ಅವ್ವನಿಗೆ ಬೈಯುವಂತಿಲ್ಲ. ಆಕೆ ತಿರುಗಿ ಬೈಯಲು ಶುರು ಮಾಡಿದರೆ ನಮ್ಮ ಮನೆತನದಲ್ಲಿ ಸತ್ತವರೂ ಎದ್ದು ಕೂತು ಕೇಳಬೇಕಾಗುತ್ತದೆ.) ಸಿಟ್ಟು ನನ್ನ ಹುಟ್ಟುಗುಣ ಎಂದು ಲಲಿತಾ ಬಂಧುಬಳಗಕ್ಕೆಲ್ಲ ಹೇಳಿಕೊಂಡು ಬಂದಿದ್ದಾಳೆ. ಶುದ್ಧ ಸುಳ್ಳು. ಅದು ನಿದ್ದೆ ಇಲ್ಲದ ಗುಣ. ನನಗೊಂದು ಹಗಲಿನ ಕೆಲಸ ಕೊಟ್ಟು ನೋಡಿ, ನಾನು ಹಸುವಿಗಿಂತ ಸಾಧು.

ಆ ಹಗಲಿನ ಕೆಲಸ ನಿಜವಾಗಿಯೂ ನನ್ನ ಬಾಗಿಲಿಗೆ ಬಂದಿತ್ತು. ಬಂದದ್ದು ಎಲ್ಲಿಗೆ ಹೋಯಿತು ಎಂಬುದೇ ಈ ಕಥೆ. ಹೇಳುವಾಗ ಮಧ್ಯೆ ಎಲ್ಲಾದರೂ ಹಲ್ಲು ಕಡಿದರೆ ಕ್ಷಮೆ ಇರಲಿ.

ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಕುಲುಮೆಯಿಂದ ಬಂದ ಮಾಲಿನ ಚೂರನ್ನು ಪರೀಕ್ಷೆಗೆ ಹಾಕಿ, ಅದರಲ್ಲಿ ಕಬ್ಬಿಣದ ಪಾಲೆಷ್ಟು ಎಂದು ರಿಜಿಸ್ಟರಿನಲ್ಲಿ ಬರೆದು, ಪಾಳಿ ಮುಗಿಯುವ ಹೊತ್ತಿಗೆ ಕ್ಯಾಲ್ಕುಲೇಟರ್ ಕುಟ್ಟಿ ಸರಾಸರಿ ತೆಗೆಯುವುದು. ಈಚೆಗೆ ನಮ್ಮ ಲ್ಯಾಬಿಗೆ ಯಲಬುರ್ಗಾ ಕಡೆಯ ವಿಜಯಲಕ್ಷ್ಮಿ ಮೇಡಂ ಬಂದರು. ಸಣ್ಣ ವಯಸ್ಸು, ದೊಡ್ಡ ಇಂಜಿನಿಯರು. ಬಂದ ವಾರವೇ ಕ್ಯಾಲ್ಕುಲೇಟರುಗಳನ್ನು ಒಟ್ಟುಮಾಡಿ ಡ್ರಾದಲ್ಲಿಟ್ಟು ಕೀಲಿ ಹಾಕಿದರು.

“ಇನ್ಮ್ಯಾಲ ಇದನ್ನ ಕುಟ್ಟೂದು ಬ್ಯಾಡ್ರಿ. ನಾನೊಂದು ಸ್ಕ್ರಿಪ್ಟ್ ಬರದೀನಿ. ಲೆಕ್ಕಪತ್ರಕ್ಕಂತನ ಆರ್ ಅಂತ ಒಂದು ಭಾಷಾ ಐತಿ, ಅದರಾಗ. ನೀವು ಆ ಫೈಲ್ ತಗೀರಿ, ಅವತ್ತಿನ ತಾರೀಖು ಹಾಕಿ ಉಳಿಸ್ರಿ. ಆಮ್ಯಾಲ ಕರಿ ಕಿಟಕಿ ತಗದು ಒಂದ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತ್ರಿ. ಸರಾಸರಿ, ನಕ್ಷೆ, ಮಿತಿ ದಾಟಿದ ಮಾಲಿಗೆ ಕೆಂಪು ಚುಕ್ಕಿ, ಎಲ್ಲಾ ಅದ ಮಾಡ್ತೈತಿ” ಎಂದರು.

ನಾವು ಸುಮ್ಮನೆ ತಲೆ ಅಲ್ಲಾಡಿಸಿದೆವು. ತಲೆ ಅಲ್ಲಾಡಿಸಲು ಸಂಬಳ ಕೊಡುತ್ತಾರೆ. ಆಗ ಮೇಡಂ ಮುಂದಿನ ಮಾತು ಹೇಳಿದರು. “ಜನರಲ್ ಶಿಫ್ಟಿನ್ಯಾಗ ಒಂದು ಸೀಟ್ ಖಾಲಿ ಐತಿ. ಬರೋ ಸೋಮವಾರ ಯಾರು ಇದನ್ನ ನನ್ನ ಮುಂದ ಓಡ್ಸಿ ತೋರಸ್ತಾರ, ಅವರಿಗೆ.”

ಜನರಲ್ ಶಿಫ್ಟ್! ಬೆಳಿಗ್ಗೆ ಹೋಗಿ ಸಂಜೆ ಬರುವ, ರಾತ್ರಿ ಮಲಗಿ ಬೆಳಿಗ್ಗೆ ಏಳುವ ಆ ದೇವಲೋಕ! ಮೂರು ಪಾಳಿಗಳಲ್ಲಿ ಗಾಣದೆತ್ತಿನಂತೆ ತಿರುಗುವ ನಮ್ಮ ಪೈಕಿ ಅದಕ್ಕೆ ಆಸೆಪಡದವರಿಲ್ಲ. ಆದರೆ ಕಂಪ್ಯೂಟರಿನ ಹೆಸರು ಕೇಳಿ ಉಳಿದವರು ಹಿಂದೆ ಸರಿದರು. ಉಳಿದದ್ದು ಇಬ್ಬರೇ, ನಾನು ಮತ್ತು ಅಬ್ದುಲರೌಫ. ರೌಫ ನನ್ನ ಪಾಳಿಯ ಗೆಳೆಯ, ಒಂದೇ ಡಬ್ಬಿಯಲ್ಲಿ ರೊಟ್ಟಿ ತಿನ್ನುವವನು. ಸೋಮವಾರದವರೆಗೆ ನಾವಿಬ್ಬರೂ ಬೇರೆ ಬೇರೆ ಡಬ್ಬಿಯಲ್ಲಿ ತಿಂದೆವು.

ಕೊಪ್ಪಳಕ್ಕೆ ಹೋಗಿ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ತಂದೆ. ಮೇಡಂ ಅದರಲ್ಲಿ ಆರ್ ಹಾಕಿ, ಸ್ಕ್ರಿಪ್ಟಿನ ಫೈಲನ್ನೂ ಹಳೆಯ ಅಂಕಿಗಳನ್ನೂ ಕೊಟ್ಟರು. ಅವ್ವ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಲಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆದಳು. ಲಿಂಬೆಯ ರಸ ಎಂಟರ್ ಗುಂಡಿಯ ಮೇಲೆ ಬಿದ್ದು, ಅದು ಒತ್ತಿದರೆ ಒಳಗೇ ಉಳಿಯುವ ರೂಢಿ ಮಾಡಿಕೊಂಡಿತು. ಅದಕ್ಕೂ ಬೈದೆ.

ಆ ಕರಿ ಕಿಟಕಿಯನ್ನು ನೀವು ನೋಡಿದ್ದೀರೋ ಇಲ್ಲವೋ. ನೋಡದಿದ್ದರೆ ಪುಣ್ಯವಂತರು. ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಒಂದು ಗುಂಡಿಯಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣಮಿಣ ಎನ್ನುತ್ತ ‘ಹೂಂ, ಮುಂದೆ?’ ಎಂಬಂತೆ ಕಾಯುತ್ತಿರುತ್ತದೆ. ಹೆಣ್ಣು ನೋಡಲು ಹೋದಾಗ ಲಲಿತಾಳ ಸೋದರಮಾವ ನನ್ನನ್ನು ಹಾಗೇ ನೋಡಿದ್ದ.

ನಾನು ಮೇಡಂ ಹೇಳಿಕೊಟ್ಟಂತೆ ‘ಆರ್‌ಸ್ಕ್ರಿಪ್ಟ್’ ಎಂದು ಬರೆದು, ಮುಂದೆ ಫೈಲಿನ ಹೆಸರು ಬರೆದು ಎಂಟರ್ ಒತ್ತಿದೆ. ‘ಆರ್‌ಸ್ಕ್ರಿಪ್ಟ್ ಎಂಬುದು ಒಳಗಿನ ಆಜ್ಞೆಯೂ ಅಲ್ಲ, ಹೊರಗಿನ ಆಜ್ಞೆಯೂ ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಬಂತು. ಒಳಗಿನದೂ ಅಲ್ಲ ಹೊರಗಿನದೂ ಅಲ್ಲ ಎಂದರೆ ಮನೆಅಳಿಯನೇ? ಒಂದು ಸಂಜೆಯೆಲ್ಲ ಅದನ್ನೇ ಬೈದೆ. ಮರುದಿನ ಮೇಡಂಗೆ ಫೋನು ಮಾಡಿದರೆ, “ಆರ್ ಎಲ್ಲಿ ಕುಂತೈತಿ ಅಂತ ಕಂಪ್ಯೂಟರಿಗೆ ದಾರಿ ತೋರ್ಸಬೇಕ್ರಿ” ಎಂದು ಹಾದಿ ಹೇಳಿಕೊಟ್ಟರು. ತನ್ನ ಹೊಟ್ಟೆಯೊಳಗೆ ಇರುವುದಕ್ಕೇ ದಾರಿ ಕೇಳುವ ಯಂತ್ರ! ದಾರಿ ತೋರಿಸಿದ ಮೇಲೆ ಫೈಲೇ ಇಲ್ಲ ಎಂದಿತು. ನಾನು ‘ಲ್ಯಾಬ್ ಕೆಲಸ’ ಎಂಬ ಹೆಸರಿನ ಫೋಲ್ಡರಿನಲ್ಲಿ ಅದನ್ನು ಇಟ್ಟಿದ್ದೆ. ಎರಡು ಶಬ್ದಗಳ ನಡುವೆ ಖಾಲಿ ಜಾಗ ಕಂಡರೆ ಆ ಮಹಾಶಯನಿಗೆ ಮಾತು ಅಲ್ಲಿಗೇ ಮುಗಿಯಿತೆಂದು ಭಾವನೆಯಂತೆ. ‘ಲ್ಯಾಬ್’ ಎಂಬಲ್ಲಿಗೇ ಎದ್ದು ಹೋಗಿ ಹುಡುಕಿ, ಇಲ್ಲ ಎಂದು ಬಂದು ಹೇಳುತ್ತಿತ್ತು. ಎರಡೂ ಶಬ್ದ ಅಂಟಿಸಿ ಬರೆದೆ.

ಓಡಿತು! ಕರಿ ಕಿಟಕಿಯಲ್ಲಿ ಸರಾಸರಿ ಬಂತು, ಫೋಲ್ಡರಿನಲ್ಲಿ ನಕ್ಷೆ ಬಂತು, ನಕ್ಷೆಯಲ್ಲಿ ಕೆಂಪು ಚುಕ್ಕೆ ಬಂತು. ನಾನು ಹೊರಗೆ ಬಂದು ಓಣಿಯನ್ನು ಒಮ್ಮೆ ಮಹಾರಾಜನಂತೆ ನೋಡಿದೆ. ಬದನೆಕಾಯಿಯ ಗಾಡಿಯವನನ್ನೂ ಕ್ಷಮಿಸಿಬಿಟ್ಟೆ.

ಕ್ಷಮೆ ಮರುದಿನ ಸಂಜೆಯನ್ನು ದಾಟಲಿಲ್ಲ. ಆ ವಾರ ನನಗೆ ರಾತ್ರಿಪಾಳಿ. ಸಂಜೆ ಕೆಲಸಕ್ಕೆ ಹೊರಡುವ ಮುನ್ನ ಅಭ್ಯಾಸ ಮಾಡೋಣವೆಂದು ಫೈಲು ತೆರೆದು, ತಾರೀಖು ತಿದ್ದಿ, ಉಳಿಸಿ, ಕರಿ ಕಿಟಕಿಯಲ್ಲಿ ಓಡಿಸಿದರೆ ಇಂಗ್ಲಿಷಿನಲ್ಲಿ ಎರಡು ಸಾಲು ಬೈಗುಳ. ಕೊನೆಯ ಸಾಲು ‘ಎಕ್ಸಿಕ್ಯೂಷನ್ ಹಾಲ್ಟೆಡ್’. ಆ ಮೊದಲ ಶಬ್ದವನ್ನು ನಾನು ಪೇಪರಿನಲ್ಲಿ ಗಲ್ಲುಶಿಕ್ಷೆಯ ಸುದ್ದಿಯಲ್ಲಿ ಮಾತ್ರ ಓದಿದ್ದೆ. ಮೈ ಉರಿದುಹೋಯಿತು.

“ನಿನ್ನಿ ಛಲೋ ಇತ್ತಲ್ಲ ಇದು! ಈಗೇನಾತು ಇದಕ್ಕ? ಯಾರು ಮುಟ್ಟೀರಿ ಇದನ್ನ?” ಎಂದು ಮನೆ ನಡುಗುವಂತೆ ಕೂಗಿದೆ.

ಲಲಿತಾ ಅಡುಗೆಮನೆಯಿಂದ ಬಂದು ನನ್ನ ಹೆಗಲ ಮೇಲಿಂದ ಪರದೆ ನೋಡಿದಳು. “ಅಲ್ರೀ, ಆ ಮ್ಯಾಲಿನ ಸಾಲು...”

“ನೀ ಬ್ಲೌಸ್ ಹೊಲಿ. ಇದು ತಾಂತ್ರಿಕ ವಿಷಯ.”

“ತಾಂತ್ರಿಕಾನೋ ಮಾಂತ್ರಿಕಾನೋ, ಅಲ್ಲಿ ನೋಡ್ರಿ ಅಂದ್ರ...”

“ನನಗ ಹೊತ್ತಾತು, ಬಸ್ ತಪ್ತೈತಿ. ತಲಿ ತಿನ್ನಬ್ಯಾಡ!”

ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಸಿಟ್ಟಿನಲ್ಲೇ ಕಾರ್ಖಾನೆಗೆ ಹೋದೆ. ಬೆಳಿಗ್ಗೆ ಬಂದವನು ಕೈಕಾಲು ತೊಳೆಯದೆ ಕರಿ ಕಿಟಕಿ ತೆರೆದು ಅದೇ ಸಾಲು ಬರೆದು ಒತ್ತಿದೆ. ಸರಾಸರಿ, ನಕ್ಷೆ, ಕೆಂಪು ಚುಕ್ಕೆ, ಎಲ್ಲ ಬಂದವು. ಸಂಜೆ ಮತ್ತೆ ಫೈಲು ತೆರೆದು ತಾರೀಖು ತಿದ್ದಿ ಓಡಿಸಿದೆ. ಮತ್ತೆ ಗಲ್ಲು.

ಆ ವಾರವೆಲ್ಲ ಇದೇ ಆಟ. ಸಂಜೆ ಮುನಿಸು, ಬೆಳಿಗ್ಗೆ ಒಲವು. ನಾನು ಈ ಸಮಸ್ಯೆಯನ್ನು ವೈಜ್ಞಾನಿಕವಾಗಿ ವಿಚಾರ ಮಾಡಿದೆ. ಸಂಜೆ ಹೊತ್ತು ಓಣಿಯವರೆಲ್ಲ ಟೀವಿ ಹಚ್ಚುವುದರಿಂದ ಕರೆಂಟಿನ ಒತ್ತಡ ಕಡಿಮೆಯಾಗಿ ಯಂತ್ರಕ್ಕೆ ಲೆಕ್ಕ ತಪ್ಪುತ್ತದೆ ಎಂದು ತೀರ್ಮಾನಿಸಿ, ಪಕ್ಕದ ಹನುಮಂತಮ್ಮನ ಮನೆಗೆ ಹೋಗಿ ಟೀವಿ ಬಂದ್ ಮಾಡಿ ಎಂದು ಹೇಳಿ ಬಂದೆ. (ಅವರು ಮಾಡಿದರು. ಗಲ್ಲು ಮಾತ್ರ ತಪ್ಪಲಿಲ್ಲ, ಓಣಿಯ ಉಳಿದ ಟೀವಿಗಳು ಇದ್ದವಲ್ಲ. ಆ ದಿನದ ಧಾರಾವಾಹಿಯಲ್ಲಿ ಯಾವುದೋ ಅತ್ತೆಯ ಗುಟ್ಟು ಬಯಲಾಗುವುದಿತ್ತಂತೆ. ಈಗಲೂ ಹನುಮಂತಮ್ಮ ನನ್ನ ಮುಖ ನೋಡುವುದಿಲ್ಲ.) ಅವ್ವನ ವಿಚಾರ ಬೇರೆಯೇ ಇತ್ತು. “ದೀಪ ಹಚ್ಚೂ ಹೊತ್ತಿನ್ಯಾಗ ಕರೇದು ಏನೂ ತಗೀಬಾರದೋ ಹುಲಿಗ್ಯಾ. ಅದೂ ಕಿಟಕಿ ಅಂತಿ” ಎಂದಳು.

ಲಲಿತಾ ಮಾತ್ರ ದಿನಾ ಒಂದು ಸಲ ‘ಅಲ್ರೀ’ ಎಂದು ಶುರು ಮಾಡುತ್ತಿದ್ದಳು. ಆ ‘ಅಲ್ರೀ’ ಇದೆಯಲ್ಲ, ಅದು ಬಂದರೆ ಹಿಂದೆ ಏನೋ ಒಂದು ತಪ್ಪು ಹೊತ್ತು ತರುತ್ತದೆ, ಮತ್ತು ಆ ತಪ್ಪು ಯಾವಾಗಲೂ ನನ್ನದೇ ಆಗಿರುತ್ತದೆ. ಆದ್ದರಿಂದ ಅದನ್ನು ಹೊಸ್ತಿಲಲ್ಲೇ ತಡೆಯುವುದು ನನ್ನ ಪದ್ಧತಿ. ತಡೆದೆ.

ಭಾನುವಾರ ನನಗೆ ವಾರದ ರಜೆ. ಮರುದಿನವೇ ಪರೀಕ್ಷೆ. ಮಧ್ಯಾಹ್ನ ಊಟವಾದ ಮೇಲೆ ಫೈಲು ತೆರೆದು, ಕಾಯಿಪಲ್ಯದವನಿಗೆ ಜೋರಾಗಿ ಬೈಯುತ್ತ ತಾರೀಖು ತಿದ್ದಿ ಓಡಿಸಿದೆ. ಗಲ್ಲು. ಈ ಸಲ ಸಂಜೆಯಲ್ಲ, ಹಾಡುಹಗಲು. ಟೀವಿಯ ವಾದ ಬಿದ್ದುಹೋಯಿತು. ಬೇರೆ ದಾರಿ ಕಾಣದೆ ನಾನು ಆ ಇಂಗ್ಲಿಷನ್ನು ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಓದಿದೆ. ‘ನಿರೀಕ್ಷಿಸದ ಗುರುತು ಬಂದಿದೆ’ ಎಂದು ಹೇಳಿ, ಬಂದ ಗುರುತು ಯಾವುದೆಂದೂ ಅದು ತೋರಿಸಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ, ‘ಶ್ರೀ ಹುಲಿಗೆಮ್ಮ’ ಎಂದು!

ಫೈಲು ತೆರೆದು ನೋಡುತ್ತೇನೆ, ಮೇಡಂ ಬರೆದ ಸಾಲುಗಳ ಮೇಲೆ, ಎಲ್ಲಕ್ಕಿಂತ ಮೊದಲು, ಒಂದು ಹೊಸ ಸಾಲು. ‘ಶ್ರೀ ಹುಲಿಗೆಮ್ಮ ಪ್ರಸನ್ನ.’

ನನ್ನ ಪಿತ್ತ ನೆತ್ತಿಗೇರಿತು. ಹುಲಿಗೆಮ್ಮ ನಮ್ಮ ಮನೆದೇವರು, ನನಗೆ ಹೆಸರು ಕೊಟ್ಟ ತಾಯಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸರಾಸರಿ ತೆಗೆಯುವ ಯಂತ್ರದೊಳಗೆ ಆಕೆಯನ್ನು ಕರೆದವರು ಯಾರು?

“ಅವ್ವಾ!” ಎಂದು ಕೂಗಿದೆ.

“ನನಗ ಅಕ್ಷರ ಬರ್ತಾವೇನೋ ಮೂಳ?” ಎಂದಳು ಅವ್ವ, ವಿಷಯ ಕೇಳಿ. ಆಮೇಲೆ ಎಲೆಗೆ ಸುಣ್ಣ ಸವರುತ್ತ, ಯಾರಿಗೂ ಸಂಬಂಧವಿಲ್ಲದ ಮಾತೆಂಬಂತೆ ಹೇಳಿದಳು. “ನೀ ಪಾಳಿಗೆ ಹೋದಮ್ಯಾಗ ನಿನ್ನ ಹೇಣ್ತಿ ದಿನಾ ಆ ಪೆಟ್ಟಿಗಿ ತಗದು ಏನೋ ಒತ್ತತಿರ್ತಾಳ. ಕೈಮುಗೀತಾಳ, ಒತ್ತತಾಳ, ಮುಚ್ಚಿಡ್ತಾಳ. ನಾ ಕಣ್ಣಾರೆ ನೋಡೀನಿ.”

ಸಾಕ್ಷಿ ಸಿಕ್ಕಿತು. ಲಲಿತಾ ಪಿಯುಸಿ ಓದಿದವಳು, ಟೈಪು ಬರುತ್ತದೆ. ಕೈಮುಗಿಯುತ್ತಾಳಂತೆ, ಒತ್ತುತ್ತಾಳಂತೆ! ಇನ್ನೇನು ಬೇಕು? ಯಾವ ಕೋರ್ಟಿನಲ್ಲಾದರೂ ನಿಲ್ಲುವ ಮೊಕದ್ದಮೆ.

“ಏ ಲಲಿತಾ! ಈ ಲ್ಯಾಪ್‌ಟಾಪ್ ಮುಟ್ಟೀಯೇನ ನೀ?”

“ಹೌದ್ರಿ, ಮುಟ್ಟೀನಿ. ಆದ್ರ...”

“ಆದ್ರ ಗೀದ್ರ ಬ್ಯಾಡ! ಮುಟ್ಟಿಯೋ ಇಲ್ಲೋ?”

“ಮುಟ್ಟೀನಿ ಅಂದ್ನೆಲ್ರಿ. ಯಾಕ ಮುಟ್ಟೀನಿ ಅಂತ ಕೇಳೂದಾರ ಕೇಳ್ರಿ...”

“ಕೇಳೂದೇನೈತಿ? ನಾ ರಾತ್ರಿಪಾಳ್ಯಾಗ ಸಾಯ್ಲಿ ಅಂತ! ನಾ ಮನ್ಯಾಗ ರಾತ್ರಿ ಇಲ್ಲಾಂದ್ರ ನಿನಗ ಆರಾಮ. ಅದಕ್ಕ ದೇವರ ಹೆಸರ ಮ್ಯಾಲ ನನ್ನ ಕೆಲಸ ಕೆಡಸಾಕತ್ತೀದಿ!”

ಈ ಮಾತು ಬಾಯಿಂದ ಹೊರಬಿದ್ದದ್ದೇ ಅವ್ವ ಸುಣ್ಣದ ಡಬ್ಬಿ ಮುಚ್ಚಿದಳು. ಲಲಿತಾಳ ಮುಖ ಕೆಂಪಾಯಿತು.

“ಆರಾಮ?” ಎಂದಳು. “ನೀವು ಹಗಲೆಲ್ಲ ಮಲಗ್ತೀರಿ ಅಂತ ನಾ ಮಷೀನ್ ತುಳೀವಲ್ಲೆ, ಹೊಲಿಗಿ ಅರಿವಿ ಗಂಟು ಕಟ್ಟಿ ಇಟ್ಟೀನಿ, ಓಣ್ಯಾಗಿನ ಮಂದಿ ಕೂಡ ಬಾಯಿ ಮಾಡ್ಕೊಂಡೀನಿ. ಒಗ್ಗರಣಿ ಹಾಕೂಮುಂದ ಬಾಗ್ಲಾ ಮುಚ್ಕೊಂಡು ಹಾಕ್ತೀನ್ರಿ ನಾನು! ಆ ಜನರಲ್ ಶಿಫ್ಟ್ ನಿಮಗಿಂತ ನನಗ ಬೇಕಾಗೈತಿ. ಇಷ್ಟು ದಿನದಾಗ ಒಂದು ಮಾತು ಪೂರಾ ಆಡಾಕ ಬಿಟ್ಟೀರೇನು ನನ್ನ? ಆತು. ಇನ್ನ ನಾ ಮಾತಾಡಾಂಗಿಲ್ಲ.”

ಮಾತಾಡಲಿಲ್ಲ. ಚೀಲಕ್ಕೆ ನಾಲ್ಕು ಸೀರೆ ತುರುಕಿ, ಅತ್ತೆಗೆ ನಮಸ್ಕಾರ ಮಾಡಿ, ಸಂಜೆಯ ಬಸ್ಸಿಗೆ ಕುಷ್ಟಗಿಯ ತವರಿಗೆ ಹೊರಟೇಬಿಟ್ಟಳು. ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಹೋಗಬೇಕೆನಿಸಿತು. ಆದರೆ ಅಪರಾಧಿಯ ಹಿಂದೆ ನ್ಯಾಯಾಧೀಶ ಓಡುವುದು ಎಲ್ಲಾದರೂ ಉಂಟೇ?

“ಅಕಿನ್ನ ಕಳಿಸಿದೆಲ್ಲೋ, ಈಗ ರೊಟ್ಟಿ ನಿನ್ನ ಕರಿ ಕಿಟಕಿ ಬಡೀತೈತೇನು?” ಎಂದು ಅವ್ವ ಕೇಳಿದಳು. ಸಾಕ್ಷಿ ಹೇಳಿದವಳೇ ತಿರುಗಿ ಬಿದ್ದಳು. ರಾತ್ರಿ ಇಬ್ಬರೂ ಮಂಡಕ್ಕಿ ತಿಂದೆವು.

ನಾನು ಎದೆಗುಂದಲಿಲ್ಲ. ಆ ಸಾಲನ್ನು ಅಳಿಸಿದೆ, ಓಡಿಸಿದೆ, ಓಡಿತು. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡೇ ಮಲಗಿದೆ. ಇನ್ನು ಕುಷ್ಟಗಿಯಿಂದ ಕೈ ಚಾಚಿ ಹೇಗೆ ಕೆಡಿಸುತ್ತಾಳೋ ನೋಡೇಬಿಡೋಣ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಮೀಟಿಂಗ್ ಕೋಣೆಯಲ್ಲಿ ಜನ ಸೇರಿದ್ದರು. ಪಾಳಿ ಮುಗಿದವರೂ ಮನೆಗೆ ಹೋಗದೆ ನಿಂತಿದ್ದರು. (ಇನ್ನೊಬ್ಬನ ಪರೀಕ್ಷೆ ನೋಡಲು ನಮ್ಮವರಿಗೆ ನಿದ್ದೆ ಅಡ್ಡ ಬರುವುದಿಲ್ಲ.) ಮೇಡಂ ಕಂಪ್ಯೂಟರನ್ನು ಗೋಡೆಯ ದೊಡ್ಡ ಟೀವಿಗೆ ಜೋಡಿಸಿದ್ದರು. ನಾವು ಮಾಡುವುದೆಲ್ಲ ಅದರಲ್ಲಿ ಕಾಣುತ್ತಿತ್ತು. ನಿಯಮ ಸರಳವಾಗಿತ್ತು. ಅವರವರ ಫೈಲು ತೆರೆದು, ಇವತ್ತಿನ ತಾರೀಖು ಹಾಕಿ, ಉಳಿಸಿ, ಓಡಿಸಬೇಕು.

ಮೊದಲು ರೌಫ ಕೂತ. ಅವನ ಫೈಲು ತೆರೆದಾಗ ಎಲ್ಲಕ್ಕಿಂತ ಮೇಲೆ ೭೮೬ ಎಂದು ಇತ್ತು. ರೌಫ ಚೀಟಿ ಬರೆದರೂ ರಜೆ ಅರ್ಜಿ ಬರೆದರೂ ತಲೆಯ ಮೇಲೆ ಆ ಅಂಕಿ ಹಾಕದೆ ಮುಂದುವರಿಯುವವನಲ್ಲ. ಗೆಳೆಯ ಕೆಟ್ಟ, ಸೀಟು ನನ್ನದೇ ಎಂದು ನಾನು ಒಳಗೇ ನಕ್ಕೆ. ಅವನು ತಾರೀಖು ಹಾಕಿ, ಕರಿ ಕಿಟಕಿಯಲ್ಲಿ ಸಾಲು ಬರೆದು ಎಂಟರ್ ಒತ್ತಿದ. ಯಂತ್ರ ‘೭೮೬’ ಎಂದು ಅದನ್ನೇ ತಿರುಗಿ ಹೇಳಿ, ಹಿಂದೆಯೇ ಸರಾಸರಿ ಕೊಟ್ಟು ನಕ್ಷೆಯನ್ನೂ ಬಿಡಿಸಿತು! ವಾಲೇಕುಮ್ ಸಲಾಂ ಅಂದಹಾಗಿತ್ತು.

“ಇದೇನ್ರೀ ಮೇಡಂ?” ಎಂದೆ.

“ಅದು ಬರೇ ಸಂಖ್ಯೆ ಐತ್ರಿ ಹುಲಿಗೇಶ ಅವರ. ಸಂಖ್ಯೆ ಕಂಡ್ರ ಅದು ಓದಿ, ಮುಂದ ಹೋಗ್ತೈತಿ” ಎಂದು ಮೇಡಂ ನಕ್ಕರು. “ಬರ್ರಿ, ಈಗ ನಿಮ್ಮ ಪಾಳಿ.”

ನಾನು ಕೂತೆ. ಪೆನ್‌ಡ್ರೈವ್ ಚುಚ್ಚಿದೆ. ಫೈಲು ತೆರೆಯುತ್ತ, ನನ್ನದು ಎಷ್ಟು ಕಷ್ಟದ ಕಲಿಕೆ ಎಂಬುದು ಮೇಡಂಗೆ ಗೊತ್ತಾಗಲೆಂದು ಮಾತು ತೆಗೆದೆ. “ಮೇಡಂ, ರೌಫಗ ಮನ್ಯಾಗ ಯಾರೂ ಅಡ್ಡ ಬರಾಂಗಿಲ್ಲ. ನಂದು ಹಂಗಲ್ರಿ. ನಾ ದಿನಾ ಕಲೀತೀನಿ, ಮನ್ಯಾಗಿನ ಮಂದಿ ದಿನಾ ಕೆಡಸ್ತಾರ. ಹೇಣ್ತಿ ಅನ್ನೂ ಪ್ರಾಣಿ ಒಂದು ಮನ್ಯಾಗ ಇದ್ರ ವಿಜ್ಞಾನ ಉದ್ಧಾರ ಆಗಾಂಗಿಲ್ರಿ. ಫೈಲ್ ತಗೀಬೇಕು, ಮ್ಯಾಲ ಏನಾರ ಬರದಿಟ್ಟಿರ್ತಾಳ. ಎಷ್ಟಂತ ಅಳಸ್ಲಿ? ನಿನ್ನಿ ಊರಿಗೇ ಕಳಿಸಿಬಿಟ್ಟೆ. ಈಗ ನೋಡ್ರಿ, ಹೆಂಗ ಓಡ್ತೈತಿ ಅಂತ!”

ಹೀಗೆ ಹೇಳುತ್ತಲೇ ತಾರೀಖು ತಿದ್ದಿ, ಉಳಿಸಿ, ಕರಿ ಕಿಟಕಿಗೆ ಹೋಗಿ ಸಾಲು ಬರೆದೆ. ಹಿಂದೆ ಯಾರೋ ಕೆಮ್ಮಿದರು. ಎಂಟರ್ ಒತ್ತಿದೆ.

ನಿರೀಕ್ಷಿಸದ ಗುರುತು. ಶ್ರೀ ಹುಲಿಗೆಮ್ಮ. ಗಲ್ಲು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಮೇಡಂ! ನೋಡ್ರಿ! ಕುಷ್ಟಗಿಗೆ ಹೋದ್ರೂ ಬಿಟ್ಟಿಲ್ಲ! ಇಲ್ಲಿಗೂ ಕೈ ಹಾಕ್ಯಾಳ!”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಡೆಗೆ ರೌಫ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ. “ಹುಲಿಗೇಶಣ್ಣ, ಈಗ ನೀನ ಬರದೆಲ್ಲೋ. ಫೈಲ್ ತಗದಕೂಡ್ಲೆ ಮೊದ್ಲ ಅದನ್ನ ಬರದಿ, ಆಮ್ಯಾಲ ತಾರೀಖ ತಿದ್ದಿದಿ. ಬಾಯಿಲೆ ಲಲಿತಾ ವೈನಿನ್ನ ಬೈಯ್ಯಾಕತ್ತಿದ್ದಿ, ಕೈಲೆ ಬರ್ಯಾಕತ್ತಿದ್ದಿ. ಅಷ್ಟು ದೊಡ್ಡ ಟೀವಿನ್ಯಾಗ ನಾವೆಲ್ಲಾರೂ ನೋಡಿದ್ವಿ.”

“ನಾನು?”

“ನೀವ ರೀ” ಎಂದರು ಮೇಡಂ.

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಈ ಲ್ಯಾಬಿಗೆ ಸೇರಿದಂದಿನಿಂದ ರಿಜಿಸ್ಟರಿನ ಹೊಸ ಪುಟ ತೆರೆದರೆ ತಾಯಿಯ ಹೆಸರು ಬರೆಯದೆ ಒಂದು ಅಂಕಿ ಬರೆದವನಲ್ಲ ನಾನು. ಅದು ಕೈಗೆ ಎಷ್ಟು ಮೈಗೂಡಿತ್ತೆಂದರೆ, ಪೆನ್ನು ಬಿಟ್ಟು ಗುಂಡಿ ಒತ್ತಲು ಕಲಿತಾಗ ಕೈ ತನ್ನ ಭಕ್ತಿಯನ್ನೂ ಜೊತೆಗೆ ಕರೆತಂದುಬಿಟ್ಟಿದೆ. ನನ್ನನ್ನು ಒಂದು ಮಾತು ಕೇಳಬಾರದೇ? ಈ ದೇಹದಲ್ಲಿ ನಾನು ಹಿರಿಯನೋ, ಕೈ ಹಿರಿಯದೋ?

“ಮೇಡಂ, ಇದು ಅನ್ಯಾಯ” ಎಂದೆ. ಸೋತವನಿಗೆ ವಾದವೇ ಗತಿ. “ಅಂವ ಬರದದ್ದಕ್ಕ ಉತ್ತರ ಕೊಡ್ತೈತಿ. ನಮ್ಮ ತಾಯಿ ಹೆಸರು ಬರದ್ರ ಗಲ್ಲಿಗೆ ಹಾಕ್ತೈತಿ. ಇದೆಂಥಾ ಯಂತ್ರ?”

“ಅಣ್ಣಾ, ನಂದು ನಂಬರ್, ನಿಂದು ಅಕ್ಷರ” ಎಂದ ರೌಫ. “ಅದಕ್ಕ ನಿನ್ನ ಗುಡಿನೂ ಗೊತ್ತಿಲ್ಲ, ನನ್ನ ಮಸೂತಿನೂ ಗೊತ್ತಿಲ್ಲ.”

ಮೇಡಂ ಮುಂದೆ ಬಾಗಿ, ನನ್ನ ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರು. ಎರಡು ಅಡ್ಡಗೆರೆ, ಎರಡು ಉದ್ದಗೆರೆ, ಗೋಲಿ ಆಡುವ ಹುಡುಗರು ಮಣ್ಣಲ್ಲಿ ಗೀಚುವಂಥದ್ದು. “ಇದನ್ನ ಹಾಕಿದ್ರ ಆ ಸಾಲಿಗೆ ಅದು ಕೈ ಹಚ್ಚಾಂಗಿಲ್ಲ, ದಾಟಿ ಹೋಗ್ತೈತಿ. ನೀವು ತಾಯಿ ಹೆಸರು ಬಿಡಬ್ಯಾಡ್ರಿ. ಮುಂದ ಇದನ್ನಷ್ಟ ಹಾಕ್ರಿ.”

ಓಡಿಸಿದೆ. ಸರಾಸರಿ ಬಂತು, ನಕ್ಷೆ ಬಂತು, ಕೆಂಪು ಚುಕ್ಕೆ ಬಂತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ನಗುವಿನ ಪಾಲೆಷ್ಟು ಎಂದು ಯಾವ ಲ್ಯಾಬಿನಲ್ಲೂ ಅಳೆಯಬೇಕಿರಲಿಲ್ಲ.

“ಸೀಟು ರೌಫ ಅವರಿಗೆ” ಎಂದರು ಮೇಡಂ. ಅದು ನ್ಯಾಯ, ನುಂಗಿಕೊಂಡೆ. ಆಮೇಲೆ ಅವರು ನನ್ನ ಕಡೆ ತಿರುಗಿ, ನನಗೇನೋ ದೊಡ್ಡ ಉಪಕಾರ ಮಾಡುವ ಮುಖದಲ್ಲಿ ಹೇಳಿದರು. “ನಿಮ್ಮ ಕಲಿಕಿನೂ ದಂಡ ಆಗಾಂಗಿಲ್ರಿ. ಹಗಲು ರೌಫ ಓಡಸ್ತಾರ. ರಾತ್ರಿ ಮಾಲಿಗೂ ಇದನ್ನ ಓಡಸಾಕ ಬಲ್ಲೋರು ಒಬ್ಬರು ಬೇಕಾಗಿತ್ತು, ಅಲ್ಲಿ ಮತ್ತ್ಯಾರಿಗೂ ಬರಾಂಗಿಲ್ಲ. ಇನ್ಮ್ಯಾಲ ನಿಮಗ ಪಾಳಿ ತಿರುಗೂ ತ್ರಾಸಿಲ್ಲ. ಕಾಯಂ ರಾತ್ರಿಪಾಳಿ.”

ಮೊದಲಾದರೆ ಮೂರು ವಾರಕ್ಕೆ ಒಂದು ವಾರ ಮಾತ್ರ ಹಗಲು ಮಲಗುತ್ತಿದ್ದೆ. ಕಷ್ಟಪಟ್ಟು ವಿದ್ಯೆ ಕಲಿತು, ಉಳಿದೆರಡು ವಾರವನ್ನೂ ಕಳೆದುಕೊಂಡೆ. ರೌಫ ನನ್ನ ಬೆನ್ನು ತಟ್ಟಲು ಬಂದ. ಬೈದು ಕಳಿಸಿದೆ.

ಮನೆಗೆ ಬಂದೆ. ಅವ್ವ ಮಾತಾಡಲಿಲ್ಲ, ಮಂಡಕ್ಕಿಯ ಡಬ್ಬಿಯನ್ನು ನನ್ನ ಮುಂದೆ ತಳ್ಳಿದಳು. ಕೌದಿ ಹೊದ್ದೆ. ನಿದ್ದೆ ಬರಲಿಲ್ಲ. ಬಾಗಿಲಲ್ಲಿ ‘ಸಾವಕಾಶ ಮಾತಾಡ್ರೀ’ ಎನ್ನುವವರು ಯಾರೂ ಇರಲಿಲ್ಲ. ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡೋಣವೆಂದು ಲಲಿತಾಗೆ ಫೋನು ಹಚ್ಚಿದೆ. ಅವಳು ಎತ್ತಿಕೊಂಡಳು. ಬಾಯಿಗೆ ಬಂದದ್ದು ಮಾತ್ರ ಬೇರೆ.

“ನಾನ ಬರೀತಿದ್ದೆ ಅಂತ ನಿನಗ ಗೊತ್ತಿತ್ತೇನು?”

“ಗೊತ್ತಿಲ್ದ ಏನ್ರಿ? ಹೆಗಲ ಮ್ಯಾಲಿಂದ ನೋಡ್ತಿದ್ನೆಲ್ಲ. ನೀವು ಅದನ್ನ ಬರದು ಒತ್ತಿದ್ರ ಕೆಳಗ ಅದ ಹೆಸರು ತೋರ್ಸಿ ಇಲ್ಲಾ ಅಂತಿತ್ತು. ನೀವು ಪಾಳಿಗೆ ಹೋದಮ್ಯಾಗ ನಾ ತಾಯಿಗೆ ಕೈಮುಗುದು, ತಪ್ಪಾತವ್ವಾ ಅಂತ ಬೇಡ್ಕೊಂಡು, ಆ ಸಾಲ ಅಳಿಸಿ ಉಳಸ್ತಿದ್ದೆ. ಬೆಳಗ್ಗಿ ನಿಮಗ ಓಡ್ತಿತ್ತು.”

ನಾನು ಗೋಡೆಗೆ ಒರಗಿದೆ. ಕೈಮುಗೀತಾಳ, ಒತ್ತತಾಳ, ಮುಚ್ಚಿಡ್ತಾಳ. ನನ್ನ ಒಂದೊಂದು ಬೆಳಗಿನ ಗೆಲುವೂ ಅವಳದು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

“ಲಲಿತಾ, ನಂದು ತಪ್ಪಾತು. ಕರೇನ ಹೇಳ್ತೀನಿ. ಮನಿ ಮನಿ ಅನಸವಲ್ದು. ಅವ್ವನೂ ಮಾತಾಡವಲ್ಲಳು. ಸಂಜಿ ಬಸ್ಸಿಗೆ ಬಂದ್ಬಿಡು.”

ಆ ಕಡೆ ಅವಳ ದನಿಯೂ ಮೆತ್ತಗಾಯಿತು. “ಬರ್ತೀನಿ ಬಿಡ್ರಿ. ನನಗೂ ಇಲ್ಲಿ ಮನಸಿಲ್ಲ. ಚೀಲ ಬಿಚ್ಚೇ ಇಲ್ಲ ನಾನು. ಅದಿರ್ಲಿ, ಪರೀಕ್ಷಾ ಏನಾತು? ಜನರಲ್ ಶಿಫ್ಟ್ ಸಿಕ್ತೋ ಇಲ್ಲೋ?”

ಸುಳ್ಳು ಹೇಳಬಹುದಿತ್ತು. ಆದರೆ ಎಷ್ಟು ದಿನ? ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ. “ಶಿಫ್ಟೇನೋ ಸಿಕ್ತು. ರಾತ್ರಿಪಾಳಿ.”

“ಮತ್ತ ರಾತ್ರಿಪಾಳಿ? ಎಷ್ಟು ದಿನಾ?”

“ಕಾಯಂ.”

ಆ ಕಡೆಯಿಂದ ಚೀಲದ ಜಿಪ್ಪು ಎಳೆದ ಸದ್ದು, ಅದರೊಳಗಿಂದ ಒಂದೊಂದೇ ಸೀರೆ ತೆಗೆದು ಕಪಾಟಿನಲ್ಲಿ ಇಟ್ಟ ಸದ್ದು ಕೇಳಿಸಿತು.

“ಹಂಗಾರ ನಾನೂ ಇಲ್ಲೇ ಕಾಯಂ ರೀ” ಎಂದು ಲಲಿತಾ ಫೋನು ಇಟ್ಟಳು.